ಹಿಂದಿನ ರೂಮಿನ ಅದ್ದ

ಗಾಜು ಒರೆಸುವ ಕೆಲಸದಲ್ಲಿ ಕೊಳೆಗಿಂತ ಹೆಚ್ಚು ಕಾಡುವುದು ಒಂದು ಪ್ರಶ್ನೆ: ಈ ಕಲೆ ಯಾವ ಕಡೆಯದು? ಒಳಗೆ ನಿಂತವರಿಗೆ ಹೊರಗಿನ ಕಲೆಯೂ ತಮ್ಮ ಕೈಯೆದುರಿಗೇ ಇದ್ದಂತೆ ಕಾಣುತ್ತದೆ. ಉಜ್ಜುತ್ತಾರೆ, ಉಗುರಿನಿಂದ ಕೆರೆಯುತ್ತಾರೆ, ಹೋಗುವುದಿಲ್ಲ. ಕೊನೆಗೆ ನೋಡಿದರೆ ಅದು ಆಚೆಯದು.

ನಾವು ಗಂಡ ಹೆಂಡತಿ ಸೇರಿ ಆದವಾನಿಯಲ್ಲಿ ಈ ಕೆಲಸ ಮಾಡುತ್ತಿದ್ದೆವು. ಅವರು ಹೊರಗೆ, ನಾನು ಒಳಗೆ, ನಡುವೆ ಗಾಜು. ರಸ್ತೆಯ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ರೂಢಿ ಬೆಳೆಯಿತು. ಎಷ್ಟು ಉಜ್ಜಿದರೂ ಕಲೆ ಹೋಗದಿದ್ದರೆ ಅದರ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುವುದು. 'ಇದು ಆ ಕಡೀದು' ಎಂದು ಅರ್ಥ. ಆಚೆಯವರು ಒರೆಸಿ, ಹೋಯಿತು ಎನ್ನುವುದಕ್ಕೆ ಒಂದು ಸಲ ತಿರುಗಿ ತಟ್ಟುವುದು. ಅವರಿಗೆ ನಾನು ಆ ಕಡೆ, ನನಗೆ ಅವರು ಆ ಕಡೆ. 'ಈ ಕಡೆ' ಎಂಬ ಮಾತನ್ನು ಇಬ್ಬರಲ್ಲಿ ಯಾರೂ ಆಡಿದ ನೆನಪಿಲ್ಲ.

ಮದುವೆಯಾದಾಗ ಅವರು ಲಾರಿ ತೊಳೆಯುವ ಕಡೆ ಕೆಲಸಕ್ಕಿದ್ದರು. ಲಾರಿಯ ಗಾಜು ಒರೆಸಿ ಒರೆಸಿ ಕೈ ಕುದುರಿತ್ತು. ಆಮೇಲೆ ಅಂಗಡಿಗಳ ಗಾಜು, ಆಮೇಲೆ ಮನೆಗಳದ್ದು. ನಮ್ಮ ಊರಿನಲ್ಲಿ ಗಾಜು ಎನ್ನುವವರು ಕಡಿಮೆ. ಕನ್ನಡ ಮಾತಾಡುವವರೂ ತೆಲುಗಿನ ಮಾತನ್ನೇ ಹಿಡಿದು ಅದ್ದ ಎನ್ನುತ್ತಾರೆ. ಕಿಟಕಿಯ ಗಾಜೂ ಅದ್ದ, ಮುಖ ನೋಡುವ ಕನ್ನಡಿಯೂ ಅದ್ದ, ಲಾರಿಯ ಮುಂದಿನದೂ ಅದ್ದ. ಒಮ್ಮೆ ಒಬ್ಬ ಅಜ್ಜಿ "ನನ್ನ ಅದ್ದಾನೂ ಒರಸಿ ಕೊಡಪ್ಪ" ಎಂದಳು. ಇವರು ಬಕೀಟು ಎತ್ತಿಕೊಂಡು ಯಾವ ರೂಮು ಎಂದು ಕೇಳಿದರೆ ಅಜ್ಜಿ ಮೂಗಿನ ಮೇಲಿನ ಚಷ್ಮಾ ತೆಗೆದು ಕೈಗಿಟ್ಟಳಂತೆ. ಅದನ್ನು ಹೇಳಿಕೊಂಡು ಅವರು ಎಷ್ಟೋ ದಿನ ನಕ್ಕರು.

ಮೊದಲ ಸಲ ಹೋಗುವ ಮನೆಯ ಕಿಟಕಿ ಯಾವಾಗಲೂ ಕಷ್ಟದ್ದು. ವರ್ಷಗಳ ಕೊಳೆ ನಮ್ಮ ದಾರಿ ಕಾಯುತ್ತಿರುತ್ತದೆ. ಮನೆಯವರು ಕಿಟಕಿ ತೋರಿಸುವ ಮೊದಲು ಕಾರಣ ತೋರಿಸುತ್ತಾರೆ. ಮಿಲ್ಲು ಹತ್ತಿರ, ಕೋತಿಗಳ ಕಾಟ, ನಡು ನೋವು, ಸೊಸೆ. "ಕೊಳಿ ಇದ್ದರ ತಾನ ನಮ್ಮನ್ನ ಕರಿಯೋದು, ನಾಚ್ಕೋಬ್ಯಾಡ್ರಿ" ಎಂದು ಇವರು ನಗಿಸುತ್ತಿದ್ದರು. ನಾನು ಮಾತಾಡುವವಳಲ್ಲ. ಹೊಸ ಮನೆಯ ಬಾಗಿಲಲ್ಲಿ ಮಾತೆಲ್ಲ ಅವರದೇ.

ಕೊಳೆಯೂ ನಮ್ಮ ಊರಿನದು ಬೇರೆ ತರಹದ್ದು. ಹತ್ತಿ ಮಿಲ್ಲುಗಳ ಕಾಲ ಬಂದರೆ ಗಾಳಿಯಲ್ಲೆಲ್ಲ ಸಣ್ಣ ಎಳೆ. ಅದು ಕಿಟಕಿಗೆ ಕೂರುತ್ತದೆ. ಅದರ ಮೇಲೆ ಕರಿಮಣ್ಣಿನ ಧೂಳು, ಅದರ ಮೇಲೆ ಲಾರಿ ಹೊಗೆ. ಒಂದು ಮಳೆ ಬಿದ್ದರೆ ಎಲ್ಲ ಸೇರಿ ಕಂಬಳಿಯ ಹಾಗೆ ಹತ್ತಿಕೊಳ್ಳುತ್ತದೆ. ತಿಳಿಯದವರು ಮೊದಲೇ ನೀರು ಹೊಡೆಯುತ್ತಾರೆ. ಹೊಡೆದರೆ ಕೆಟ್ಟಿತು, ಜೋಳದ ಹಿಟ್ಟು ಕಲಸಿದಂತಾಗಿ ಗಾಜಿನ ತುಂಬ ಬಳಿದುಕೊಳ್ಳುತ್ತದೆ. ಒಣ ಬ್ರಷ್ಷಿನಿಂದ ಎಳೆ ಉದುರಿಸಿ, ಆಮೇಲೆ ಸೋಪಿನ ನೀರು, ಆಮೇಲೆ ರಬ್ಬರ್ ಪಟ್ಟಿ, ಕೊನೆಗೆ ಹಳೆಯ ಪೇಪರು. ಮತ್ತೆ ಅವರ ಇನ್ನೊಂದು ಕಟ್ಟುಪಾಡು: ಎಂದಿಗೂ ಹೊರಗಿನದು ಮೊದಲು. "ಹೊರಗಿಂದು ಪರದೆ ಇದ್ದಂಗ. ಅದು ಸರಿದ ಮ್ಯಾಲ ಒಳಗ ಏನೈತಿ ಅಂತ ಗೊತ್ತಾಗ್ತದ. ಅಲ್ಲೀತನಕ ಒಳಗ ಕೈ ಇಡಬ್ಯಾಡ" ಎನ್ನುತ್ತಿದ್ದರು.

ಅವರು ಹೋಗಿದ್ದು ಹೋದ ಬೇಸಿಗೆಯಲ್ಲಿ. ನಲ್ಲಿಯ ಹತ್ತಿರ ಬಕೀಟು ಇಟ್ಟು, ಎದೆ ಹಿಡಿದುಕೊಂಡು ಕುಳಿತರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಅವರನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಬಾಗಿಲಿನಲ್ಲಿ ಮುಖ ಹಿಡಿಯುವಷ್ಟು ಒಂದು ಗಾಜು. ಅದರ ತುಂಬ ಹಣೆಯ ಗುರುತು, ಅಂಗೈಯ ಗುರುತು. ನನಗಿಂತ ಮೊದಲು ಅಲ್ಲಿ ನಿಂತು ಇಣುಕಿದವರದು. ಎಲ್ಲವೂ ನನ್ನ ಕಡೆಯವೇ, ಒಳಗಿನ ಕಡೆ ಶುಭ್ರವಾಗಿತ್ತು. ಸೆರಗಿನಿಂದ ಒರೆಸಿದೆ. ಹಾಸಿಗೆ ಕಂಡಿತು, ಅವರ ಕಾಲು ಕಂಡವು. ಜೀವನದಲ್ಲಿ ಮೊದಲ ಸಲ ನಾನು ಹೊರಗೆ, ಅವರು ಒಳಗೆ. ಎರಡು ಸಲ ತಟ್ಟಿದೆ. ನರ್ಸ್ ತಿರುಗಿ ನೋಡಿ ಬೇಡ ಎಂದು ಕೈ ಮಾಡಿದಳು. ಅವರು ತಿರುಗಿ ತಟ್ಟಲಿಲ್ಲ.

ಆಮೇಲೆ ನನ್ನಿಂದ ಗಾಜಿನ ಹೊರಗೆ ನಿಲ್ಲುವುದಾಗಲಿಲ್ಲ. ಒಳಗೆ ಎಷ್ಟು ಬೇಕಾದರೂ ಒರೆಸುತ್ತಿದ್ದೆ. ಹೊರಗೆ ಹೋಗಿ ಒಳಗೆ ನೋಡಿದರೆ ಆಸ್ಪತ್ರೆಯ ಆ ಬಾಗಿಲೇ ಕಾಣುತ್ತಿತ್ತು, ಓಡಿ ಬಂದುಬಿಡುತ್ತಿದ್ದೆ. ಹಳೆಯ ಮನೆಗಳಿಗೆ ನಾದಿನಿ ಬರುತ್ತಿದ್ದಳು, ಅಂದರೆ ಅವರ ತಂಗಿ. ಮಿಲ್ಲಿನಲ್ಲಿ ಹತ್ತಿ ಆರಿಸುವ ಕೆಲಸ ಅವಳದು, ರಜೆಯ ದಿನ ನನಗಾಗಿ ಹೊರಗಿನದು ಮಾಡಿಕೊಡುತ್ತಿದ್ದಳು. ಹೊಸ ಮನೆಯವರು ಫೋನ್ ಮಾಡಿದರೆ ಇಲ್ಲವೆನ್ನುತ್ತಿದ್ದೆ.

"ಅತ್ತಿಗಿ, ಸುಮ್ನ ಮಿಲ್ಲಿಗೆ ಬಾ" ಎಂದಳು ಅವಳು ಒಂದು ದಿನ. "ನಾಕು ಮಂದಿ ನಡುವ ಕುಂತು ಕೆಲಸ ಮಾಡಬಹುದು. ಒಬ್ಬಾಕಿನ ಗಾಜಿನ ಮುಂದ ನಿಂತು ನಿಂತು ನೀನೂ ಗಾಜಿನಂಗ ಆಗೀದಿ. ಎದುರಿಗಿದ್ರೂ ಕಾಣವಲ್ಲಿ."

"ಇನ್ನೊಂದು ಹೊಸ ಮನಿ ನೋಡ್ತೀನಿ. ಹೊರಗ ನಿಂದ್ರಾಕ ಆಗಲಿಲ್ಲಂದ್ರ ಬಿಟ್ಟುಬಿಡ್ತೀನಿ" ಎಂದೆ.

ಹೇಳಿದ ಮೇಲೆ ಭಯವಾಯಿತು. ಬಕೀಟು, ಬ್ರಷ್ಷು, ಅವರ ಬೆರಳು ಹಿಡಿದು ಸವೆದ ಆ ರಬ್ಬರ್ ಪಟ್ಟಿ. ಕೆಲಸ ಬಿಟ್ಟರೆ ಅವರೊಂದಿಗೆ ಮಾತಾಡುವ ಜಾಗವೇ ಹೋದಂತೆ.

ಆ ಮನೆ ತಾನಾಗಿಯೇ ಬಂತು. ಒಬ್ಬ ಹುಡುಗಿ ಫೋನ್ ಮಾಡಿದಳು.

"ಅಕ್ಕಾ, ಅದ್ದ ಒರಸೋರು ನೀವ ಏನ್ರಿ? ನಮ್ಮ ಮನಿ ಕಿಟಕಿ ನೋಡಿದ್ರ ನೀವು ಓಡಿ ಹೋಗ್ತೀರಿ, ಈಗ ಹೇಳಿಬಿಡ್ತೀನಿ. ನಾಳೆ ಬರ್ತೀರೇನು? ನಾಡಿದ್ದು ನೋಡಾಕ ಬರ್ತಾರ."

"ಯಾರಮ್ಮ?"

"ಗಂಡಿನ ಕಡೇರು. ಬರೋದು ನನ್ನ ನೋಡಾಕ. ಆದ್ರ ಅವರವ್ವ ಮೊದಲು ಕಿಟಕಿ ನೋಡ್ತಾರ, ಬೇಕಾದ್ರ ಬರಕೊಡ್ತೀನಿ."

ಮನೆ ಹತ್ತಿ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನ ಗೋಡೆಗೆ ಬೆನ್ನು ಮಾಡಿ ನಿಂತಿತ್ತು. ಹುಡುಗಿ ಬಾಗಿಲಲ್ಲೇ ಕಾರಣ ಹೇಳಿದಳು. ಅಮ್ಮ ಹೋಗಿ ವರ್ಷದ ಮೇಲಾಯಿತು, ಅದಕ್ಕೂ ಮೊದಲು ಬಹಳ ದಿನ ಕಾಯಿಲೆ, ಯಾರೂ ಕಿಟಕಿಯ ಕಡೆ ನೋಡಿಲ್ಲ. ಅಪ್ಪ ತೆಲುಗು ಸಾಲಿಯ ಮೇಷ್ಟ್ರು, ಮಧ್ಯಾಹ್ನ ಬರುತ್ತಾರೆ.

"ಕೊಳಿ ಇದ್ದರ ತಾನ ನಮ್ಮನ್ನ ಕರಿಯೋದು" ಎಂದೆ. ಅವರ ಮಾತು ನನ್ನ ಬಾಯಲ್ಲಿ ಒಣಗಿದಂತೆ ಬಂತು. ಆದರೂ ಹುಡುಗಿ ನಕ್ಕಳು.

ಮುಂದಿನ ಕಿಟಕಿಗಳಿಗೆ ತೆರೆಯುವ ಬಾಗಿಲಿದ್ದವು. ವರಾಂಡದಲ್ಲಿ ನಿಂತು ರೆಕ್ಕೆಯನ್ನು ತಿರುಗಿಸಿಕೊಂಡರೆ ಎರಡೂ ಮಗ್ಗುಲು ಕೈಗೆ ಸಿಕ್ಕುತ್ತಿದ್ದವು. ಒಳಗೂ ಅಲ್ಲ, ಹೊರಗೂ ಅಲ್ಲ. ಅದು ನನಗೆ ಕಷ್ಟವಾಗಲಿಲ್ಲ. ಬ್ರಷ್ಷು ಆಡಿಸಿದರೆ ಎಳೆ ಸುರುಳಿ ಸುರುಳಿಯಾಗಿ, ಸತ್ತ ಇಲಿಯ ತುಪ್ಪಟದಂತೆ ಕೆಳಗೆ ಬೀಳುತ್ತಿತ್ತು. ಮೊದಲ ಬಕೀಟಿನ ನೀರು ಕಪ್ಪು ಚಹಾ ಆಯಿತು. ಗಾಜು ಬಿಡಿಸಿಕೊಂಡಾಗ ಹುಡುಗಿ ಚಹಾ ತಂದವಳು ಹಾಗೇ ನಿಂತಳು.

"ಅಯ್ಯ! ನಮ್ಮ ಎದುರಿಗೆ ಬೇವಿನ ಗಿಡ ಐತಿ ಅಂತ ಇವತ್ತ ಗೊತ್ತಾತು ನೋಡ್ರಿ ಅಕ್ಕಾ."

ಉಳಿದದ್ದು ಹಿಂದಿನ ರೂಮು. ಹೊಸ್ತಿಲಲ್ಲಿ ಅವಳು ದನಿ ಇಳಿಸಿದಳು.

"ಇಲ್ಲಿ ಒಂದು ಮಾತೈತ್ರಿ. ಅಪ್ಪ ಹೋಗೋವಾಗ ಹೇಳ್ಯಾರ, ಹಿಂದಿನ ರೂಮಿನ್ಯಾಗಿನ ಅದ್ದ ಮುಟ್ಟಬ್ಯಾಡ್ರಿ ಅಂತ."

ಒಳಗೆ ಒಂದು ಬೀರು, ಅದರ ಬಾಗಿಲಿಗೆ ಉದ್ದನೆಯ ಕನ್ನಡಿ. ಕನ್ನಡಿಯ ಮೂಲೆಯಲ್ಲಿ ಸ್ಟಿಕ್ಕರ್ ಬೊಟ್ಟುಗಳು, ಮೆರೂನು, ಕೆಂಪು, ಒಂದು ಹಸಿರು.

"ಅಮ್ಮಂದು. ಮಲಗೋಮುಂದ ಅಲ್ಲಿ ಹಚ್ಚಿಡ್ತಿದ್ಲು" ಎಂದಳು ಹುಡುಗಿ.

ನನಗೆ ಅರ್ಥವಾಯಿತು ಎಂದುಕೊಂಡೆ. ನನ್ನ ಕನ್ನಡಿಯ ಮೇಲೂ ಇದ್ದವು. ಅವರು ಹೋದ ಮೇಲೆ ಓಣಿಯ ಹೆಂಗಸರು ಬಂದು ಅವನ್ನೆಲ್ಲ ಕಿತ್ತರು. ಅಂಟು ಮಾತ್ರ ಉಳಿದಿದೆ. ಈ ಮನುಷ್ಯ ಹೆಂಡತಿಯ ಬೊಟ್ಟು ಕಾಯುತ್ತಿದ್ದಾನೆ, ಒಳ್ಳೆಯದು, ಕಾಯಲಿ. ಬೀರಿನ ಕಡೆ ನೀರಿನ ಹನಿಯೂ ಹಾರಬಾರದೆಂದು ಅದಕ್ಕೆ ಒಂದು ಹಳೆಯ ಸೀರೆ ಇಳಿಬಿಡಲು ಹೇಳಿದೆ.

ಕಿಟಕಿ ಮಂಚದ ಪಕ್ಕದಲ್ಲಿತ್ತು. ಇಡೀ ಚೌಕಟ್ಟಿಗೆ ಒಂದೇ ಗಾಜು, ತೆರೆಯಲು ಬಾರದ್ದು. ಹೊರಗೆ ಕಬ್ಬಿಣದ ಜಾಲಿ.

"ಅಮ್ಮಗ ಉಬ್ಬಸ ಇತ್ತು. ಹತ್ತಿ ಎಳಿ ಒಳಗ ಬರಬಾರದಂತ ಅಪ್ಪ ಕಿಟಕಿ ಬಾಗಿಲ ಕಿತ್ತಿಸಿ ಗಾಜು ಕೂಡಿಸಿಬಿಟ್ರು. ಆಮ್ಯಾಲ ಆಕಿ ದಿನಾ ಇಲ್ಲೇ" ಎಂದು ಹುಡುಗಿ ಮಂಚದ ತುದಿ ತೋರಿಸಿದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತೆಂದು ಓಡಿದಳು.

ರೂಮಿನಲ್ಲಿ ನಡುಹಗಲೇ ಸಂಜೆಯಾಗಿತ್ತು. ಗಾಜಿನಿಂದ ಬರುವ ಬೆಳಕು ಕಂದು ಬಣ್ಣದ್ದು. ನಾನು ಒಳಗಿನಿಂದಲೇ ಶುರುಮಾಡೋಣವೆಂದು ಬಟ್ಟೆ ಎತ್ತಿದೆ. ಯಾರು ಕೇಳುತ್ತಾರೆ? ಒಳಗಿನದು ಮಾಡಿ, ಹೊರಗಿನದಕ್ಕೆ ನಾದಿನಿಯನ್ನು ಕಳಿಸುತ್ತೇನೆ ಎಂದರಾಯಿತು. ಆದರೆ ನಾಳೆಯೇ ಗಂಡಿನ ಕಡೆಯವರು. ನಾದಿನಿಗೆ ರಜೆಯಿಲ್ಲ. ಮತ್ತೆ ನಾನೇ ಆಡಿದ ಮಾತು. ಅದೆಲ್ಲಕ್ಕಿಂತ ಹೆಚ್ಚಾಗಿ, 'ಅಲ್ಲೀತನಕ ಒಳಗ ಕೈ ಇಡಬ್ಯಾಡ' ಎಂಬುದು ಬೆನ್ನ ಹಿಂದೆ ನಿಂತು ಹೇಳಿದಷ್ಟು ಹತ್ತಿರದಿಂದ ಕೇಳಿಸಿತು. ಬಟ್ಟೆ ಇಳಿಸಿದೆ. ಬಕೀಟು ಎತ್ತಿಕೊಂಡು ಮನೆಯನ್ನು ಸುತ್ತಿ ಹಿಂದಿನ ಓಣಿಗೆ ಹೋದೆ.

ಓಣಿ ಎಂದರೆ ಮನೆಗೂ ಮಿಲ್ಲಿನ ಗೋಡೆಗೂ ನಡುವಿನ ಸಂದಿ. ಒಬ್ಬರು ಅಡ್ಡಡ್ಡ ನಡೆಯಬೇಕು. ಗೋಡೆಯ ಆಚೆ ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಜಾಲಿಯ ಹಿಂದಿನ ಗಾಜು ಗಾಜಿನಂತಿರಲಿಲ್ಲ, ಗೋಡೆಗೆ ಒಗೆದ ಹಳೆಯ ಗೋಣಿಚೀಲದಂತಿತ್ತು. ಒಂದು ರೀತಿಯಲ್ಲಿ ಅದು ಒಳ್ಳೆಯದಾಯಿತು. ಒಳಗೆ ಏನೂ ಕಾಣುತ್ತಿರಲಿಲ್ಲ. ಏನೂ ಕಾಣದಿದ್ದರೆ ನಿಲ್ಲಬಲ್ಲೆ.

ಜಾಲಿಯ ಸಂದಿಯಲ್ಲಿ ಕೈ ತೂರಿಸಿ ಬ್ರಷ್ಷು ಆಡಿಸಿದೆ. ಅವರ ಮುಂಗೈಯಲ್ಲಿ ಜಾಲಿ ತರಚಿದ ಗೀರುಗಳು ಯಾವಾಗಲೂ ಇರುತ್ತಿದ್ದವು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವಾಗ ಏನು ಮಾಡಿಕೊಂಡು ಬರುತ್ತೀರೋ ಎಂದು ಬೈಯುತ್ತಿದ್ದೆ. ಏನು ಎಂದು ಆ ದಿನ ತಿಳಿಯಿತು. ಎಳೆ ಉದುರಿತು. ಸೋಪಿನ ನೀರು ಹೊಡೆದೆ. ಕೆಸರು ಇಳಿಯಿತು, ಇನ್ನೊಮ್ಮೆ ಹೊಡೆದೆ. ಗಾಜು ಸ್ವಲ್ಪ ಸ್ವಲ್ಪವಾಗಿ ಮಂಜಿನಷ್ಟು ತೆಳ್ಳಗಾಯಿತು. ಆಗ ಕೆಳಗಿನ ಮೂಲೆಯ ಹತ್ತಿರ ಒಂದು ದುಂಡನೆಯ ಕಪ್ಪು ಕಲೆ ಕಂಡಿತು. ಉಜ್ಜಿದೆ. ಹೋಗಲಿಲ್ಲ. ಬಲವಾಗಿ ಉಜ್ಜಿದೆ. ಹೋಗಲಿಲ್ಲ.

ನಾನು ಯೋಚಿಸಿ ಮಾಡಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಕೈ ತಾನಾಗಿ ಹೋಗಿ ಕಲೆಯ ಮೇಲೆ ಎರಡು ಸಲ ತಟ್ಟಿತು.

ಒಳಗಿನಿಂದ ಒಂದು ಸಲ ತಟ್ಟಿದ ಸದ್ದಾಯಿತು.

ಮಿಲ್ಲಿನ ಗದ್ದಲ ಎಲ್ಲಿ ಹೋಯಿತೋ ತಿಳಿಯದು. ಮಸುಕಿನ ಹಿಂದೆ ಒಬ್ಬ ಗಂಡಸು ನಿಂತಿದ್ದ. ಮುಖವಿಲ್ಲ, ಹೆಗಲು ಇತ್ತು, ಗಾಜಿಗೆ ಒತ್ತಿದ ಅಂಗೈ ಇತ್ತು. ಬಾಯಿಯ ಜಾಗದಲ್ಲಿ ಏನೋ ಆಡುತ್ತಿತ್ತು. ಓಡಬೇಕೆನಿಸಲಿಲ್ಲ. ಅದನ್ನು ಇಂದಿಗೂ ಯಾರಿಗೂ ಹೇಳಿಲ್ಲ. ಹೋಯಿತೇ, ಕಲೆ ಹೋಯಿತೇ ಎಂದು ಕೇಳಬೇಕೆನಿಸಿತು, ಅಷ್ಟೆ. ರಬ್ಬರ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎಳೆದೆ.

ಪಟ್ಟಿ ಹೋದ ದಾರಿಯಲ್ಲಿ ಗಾಜು ತೆರೆದುಕೊಂಡಿತು. ನರೆತ ಮೀಸೆ, ಚಷ್ಮಾ. ನನಗೆ ಗೊತ್ತಿಲ್ಲದ ಒಬ್ಬ ಮನುಷ್ಯ, ಗಾಜು ಒಡೆಯುವಂತೆ ಬಡಿಯುತ್ತ, "ಆಗು! ಆಗಮ್ಮಾ, ಆಗು!" ಎಂದು ಕೂಗುತ್ತಿದ್ದ. ತೆಲುಗಿನಲ್ಲಿ ನಿಲ್ಲು ಎಂದು. ಆಮೇಲೆ ಮಾಯವಾದ. ನೋಡಿದರೆ ಮೇಷ್ಟ್ರು, ಓಣಿಯ ತುದಿಯಿಂದ ಅಡ್ಡಡ್ಡ ಬರುತ್ತಿದ್ದಾರೆ, ಹಿಂದೆ ಹುಡುಗಿ.

"ಏನಮ್ಮಾ, ಅದ್ದ ಮುಟ್ಟಬ್ಯಾಡ ಅಂತ ಹೇಳಿ ಹೋಗಿದ್ದೆನಲ್ಲ!"

"ಮುಟ್ಟಿಲ್ಲ ಸಾರ್. ಸೀರಿ ಮುಚ್ಚಿಸೀನಿ. ಬೊಟ್ಟು ಹಂಗ ಅದಾವ, ನೋಡ್ರಿ ಬೇಕಾದ್ರ."

"ಬೊಟ್ಟು ಯಾರು ಕೇಳಿದ್ರು? ಅದ್ದ! ಈ ಅದ್ದ!"

"ಅಪ್ಪಾ," ಹುಡುಗಿ ನಡುವೆ ಬಾಯಿ ಹಾಕಿದಳು, "ಅದ್ದ ಅಂದ್ರ ಬೀರುವಿನ ಅದ್ದ ಅಂತ ನಾನೂ ಅನ್ಕೊಂಡಿದ್ದೆ. ಅಕ್ಕಾರನ್ನ ಯಾಕ ಬೈತೀರಿ? ಮನ್ಯಾಗ ಎಲ್ಲಾದಕ್ಕೂ ಒಂದ ಮಾತು ಇಟ್ರ ನಾವೇನ್ ಕಣಿ ಕೇಳಬೇಕಾ?"

ಅವರು ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಕಣ್ಣೊರೆಸಿಕೊಳ್ಳಲು ಅದೊಂದು ನೆಪ.

"ನಿಮ್ಮಮ್ಮನ ಮಾತು" ಎಂದರು. "ಇದಕ್ಕೂ ಅದ್ದಾನ ಅಂತಿದ್ಲು." ಆಮೇಲೆ ನನ್ನ ಕಡೆ ತಿರುಗಿದರು, ಸಿಟ್ಟಿಲ್ಲದೆ. "ಆಕಿ ತಲಿ ಇಟ್ಟು ಕೂಡ್ತಿದ್ಲು ಅಲ್ಲಿ. ಉಸಿರಾಡಾಕ ಆಗದಾಗ ಮಲಗಾಕೂ ಆಗ್ತಿರಲಿಲ್ಲ. ಎಣ್ಣಿ ಗುರುತು ಇತ್ತು. ಒಂದ ಗುರುತು. ಇರಲಿ ಬಿಡಮ್ಮ, ನಿನ್ನ ತಪ್ಪಲ್ಲ. ಹೋತು."

ಆಗ ನನಗೆ ಆ ಕಲೆ ಏನೆಂದು ತಿಳಿಯಿತು.

"ಹೋಗಿಲ್ಲ ಸಾರ್" ಎಂದೆ. "ಅದು ಆ ಕಡೀದು."

"ಏನು?"

"ಗುರುತು ಒಳಗಿಂದು. ನಾನು ಒಳಗ ಇನ್ನೂ ಬಟ್ಟಿ ಇಟ್ಟಿಲ್ಲ. ನಮ್ಮಲ್ಲಿ ಹೊರಗಿಂದ ಮೊದಲು. ನಮ್ಮನೆಯವರದು ಹಂಗ ಕಟ್ಟು." ಹೊಸ ಜನರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಅವರು ನನ್ನನ್ನೂ ಮಗಳನ್ನೂ ಅಲ್ಲೇ ಬಿಟ್ಟು ಬಂದ ದಾರಿಯಲ್ಲಿ ಹೋದರು. ನಾವೂ ಹಿಂದೆ ಹೋದೆವು. ರೂಮಿನೊಳಗೆ ಬೆಳಕು ಬಿದ್ದಿತ್ತು. ಅಂಗೈ ಅಗಲದ ದುಂಡನೆಯ ಗುರುತು, ಮಂಚಕ್ಕಿಂತ ತುಸು ಮೇಲೆ. ಹೊರಗಿನ ಕೊಳೆಯಿದ್ದಾಗ ಅದು ಬರಿ ಕರಿ ಮಚ್ಚೆ ಇದ್ದಿರಬೇಕು. ಈಗ ಬೆಳಕು ಅದರ ಒಳಗಿನಿಂದ ಬರುತ್ತಿತ್ತು, ಕೂದಲು ಎಳೆದ ಸಣ್ಣ ಸಣ್ಣ ಗೀರುಗಳು ಬಾಚಣಿಗೆ ಹಲ್ಲಿನಂತೆ ಕಾಣುತ್ತಿದ್ದವು. ಮೇಷ್ಟ್ರು ಬಗ್ಗಿ ನೋಡಿದರು, ಮುಟ್ಟಲಿಲ್ಲ.

"ಅಮ್ಮ ಇಷ್ಟ ಗಿಡ್ಡ ಇದ್ಲಾ?" ಎಂದಳು ಹುಡುಗಿ.

"ಕುಂತಾಗಮ್ಮ."

ಅವಳು ಮಂಚದ ತುದಿಯಲ್ಲಿ ಕುಳಿತಳು. ತಲೆ ಗಾಜಿಗೆ ತಾಗದಂತೆ ಎಚ್ಚರದಿಂದ ಓರೆ ಮಾಡಿ, ಅಮ್ಮ ನೋಡುತ್ತಿದ್ದ ಕಡೆ ನೋಡಿದಳು. "ನಾ ಬರೇ ಗೋಡಿ ಅನ್ಕೊಂಡಿದ್ದೆ" ಎಂದಳು. ಮಿಲ್ಲಿನ ಗೋಡೆ ಒಂದು ಕಡೆ ಕುಸಿದಿತ್ತು. ಆ ಕಿಂಡಿಯ ಆಚೆ ಮಿಲ್ಲಿನೊಳಗೆ ಒಂದು ಕಟ್ಟೆ, ಕಟ್ಟೆಯ ಮೇಲೆ ತಲೆಗೆ ಬಟ್ಟೆ ಕಟ್ಟಿದ ಮಿಲ್ಲಿನ ಹೆಂಗಸರು ಊಟಕ್ಕೆ ಕೂತಿದ್ದರು. ಒಬ್ಬಳು ಏನೋ ಹೇಳಿದಳು, ಉಳಿದವರು ಮೈ ಬಾಗಿಸಿ ನಕ್ಕರು. ಸದ್ದು ಇಲ್ಲಿಗೆ ಕೇಳುತ್ತಿರಲಿಲ್ಲ.

ಮೇಷ್ಟ್ರು ಕೇಳಿದರು: "ಸುತ್ತ ಒರಸಬಹುದಾ? ಅದನ್ನ ಬಿಟ್ಟು?"

"ಒರಸಬಹುದು ಸಾರ್. ಆದ್ರ ನೀವ ಒರಸ್ರಿ. ನನ್ನ ಕೈಗೆ ಕಲಿ ಬಿಡೋದು ಗೊತ್ತಿಲ್ಲ."

"ಗಂಡಿನ ಅವ್ವ ಕೇಳಿದ್ರ?" ಎಂದಳು ಹುಡುಗಿ.

"ಕೇಳಿದ್ರ ನಿಮ್ಮತ್ತಿ ಆಗೋರಿಗೆ ನಿಮ್ಮಮ್ಮನ್ನ ತೋರಿಸಿದಂಗ ಆತು" ಎಂದರು ಮೇಷ್ಟ್ರು.

ನಾನು ಪೇಪರಿನ ಉಂಡೆ ಹಿಡಿದು ಮತ್ತೆ ಓಣಿಗೆ ಹೋದೆ. ಮೇಷ್ಟ್ರು ಅಂಗಿಯ ತೋಳು ಮಡಚಿ, ಮಂಚದ ಮೇಲೆ ಮೊಣಕಾಲೂರಿ, ನನ್ನ ಬಟ್ಟೆಯಿಂದ ಒಳಗಿನದನ್ನು ಒರೆಸತೊಡಗಿದರು. ಚೆನ್ನಾಗಿ ಒರೆಸುತ್ತಿರಲಿಲ್ಲ, ಕರಿಹಲಗೆ ಒರೆಸುವ ಹಾಗೆ ಅತ್ತಿತ್ತ ಆಡಿಸುತ್ತಿದ್ದರು. ಒಂದು ಕಡೆ ನಿಂತರು. ನೊಣದ ಚುಕ್ಕೆಯೋ ಏನೋ. ಉಜ್ಜಿದರು, ಬೆರಳಿಟ್ಟು ತೋರಿಸಿ, ಹುಬ್ಬೇರಿಸಿ ನನ್ನನ್ನು ನೋಡಿದರು. ನಿನ್ನದೋ, ನನ್ನದೋ?

ನನ್ನ ಕಡೆಯದು. ಒರೆಸಿದೆ. ಒಂದು ಸಲ ತಟ್ಟಿದೆ.

ಒಳಗೆ ನಿಂತಿದ್ದವರು ಯಾರು, ಯಾಕೆ ತಟ್ಟಿದರು ಎಂದು ನನಗೆ ಗೊತ್ತಿದೆ. ಅಂಗೈ ಗಾಜಿಗೆ ಬಿದ್ದ ಸದ್ದು ಅದು, ಅಷ್ಟೆ. ಆದರೆ ಆ ಸದ್ದಿಗೂ ರಬ್ಬರ್ ಪಟ್ಟಿ ಎಳೆದದ್ದಕ್ಕೂ ನಡುವೆ ಒಂದಿಷ್ಟು ಹೊತ್ತು ಇತ್ತು. ಆಗ ನನಗೆ ಗೊತ್ತಿರಲಿಲ್ಲ. ಆ ಹೊತ್ತನ್ನು ನಾನು ಒರೆಸದೆ ಇಟ್ಟುಕೊಂಡಿದ್ದೇನೆ. ಆಸ್ಪತ್ರೆಯ ಆ ಬಾಗಿಲಿನ ಗಾಜಿನ ಮೇಲೆ ನನ್ನ ಹಣೆಯ ಗುರುತೂ ಬಿದ್ದಿತ್ತು. ಅದನ್ನು ಯಾರೋ ಎಂದೋ ಒರೆಸಿರುತ್ತಾರೆ. ಒರೆಸಲೇಬೇಕಲ್ಲ, ಅವರ ಕೆಲಸ ಅದು.

ಮಿಲ್ಲಿಗೆ ನಾನು ಹೋಗಲಿಲ್ಲ. ಈಗ ಹೊಸ ಮನೆಗಳಿಗೂ ಹೋಗುತ್ತೇನೆ, ಹೊರಗಿನದು ನನ್ನದು. ಮುಂಗೈಯಲ್ಲಿ ಜಾಲಿಯ ಗೀರು ಬಿದ್ದಿವೆ. ರಜೆಯ ದಿನ ನಾದಿನಿ ಒಳಗೆ ನಿಲ್ಲುತ್ತಾಳೆ. ತಟ್ಟುವುದು ಅವಳಿಗೆ ಇನ್ನೂ ಬಂದಿಲ್ಲ. ಸಾಲಗಾರರ ಮನೆಯ ಬಾಗಿಲು ಬಡಿದಂತೆ ಬಡಿಯುತ್ತಾಳೆ. ನಾನು ಬೆಚ್ಚಿಬೀಳುತ್ತೇನೆ, ತಲೆಯೆತ್ತಿ ನೋಡುತ್ತೇನೆ, ಅವಳು ಗಾಜಿನ ಹಿಂದೆ ನಗುತ್ತಿರುತ್ತಾಳೆ. ಅವಳ ಮೂಗು ಅವಳ ಅಣ್ಣನದೇ.